ಸಿಲಿಂಡರಿನ ಚೀಟಿ ಓದಿಸುತ್ತಿದ್ದ ಮಾಸ್ತರು

ದಾಸನಕೊಪ್ಪದಲ್ಲಿ, ಮಾಸ್ತರು ತೀರಿಕೊಂಡ ಮೇಲೆ ನಡೆದ ಶಿವಗಣಾರಾಧನೆಯ ಊಟಕ್ಕೆ ಕೂತಿದ್ದೆ. ಪಂಕ್ತಿಯಲ್ಲಿ ಎಲ್ಲರೂ ಅವರನ್ನು ಹೊಗಳುವವರೇ. ಬಹಳ ಶಾಂತ ಸ್ವಭಾವ, ಯಾರಿಗೂ ಎದುರು ಮಾತಾಡಿದವರಲ್ಲ, ಎಲ್ಲರ ಜೊತೆ ಹೊಂದಿಕೊಂಡು ಹೋಗುವ ಮನುಷ್ಯ. ಎತ್ತಿದ ಗೋಧಿ ಹುಗ್ಗಿಯ ತುತ್ತನ್ನು ಎಲೆಗೇ ವಾಪಸ್ ಇಟ್ಟೆ. ಹೋದವರ ಬಗ್ಗೆ ಒಳ್ಳೆಯದನ್ನೇ ಆಡಬೇಕು, ಒಪ್ಪಿದೆ. ಹಾಗಂತ ಬೇರೆ ಯಾರದೋ ಒಳ್ಳೆಯತನವನ್ನು ತಂದು ಇವರ ತಲೆಗೆ ಕಟ್ಟಿದರೆ ಹೇಗೆ ಮಾರಾಯ್ರೆ? ಒಂಬತ್ತು ವರ್ಷ ಅವರ ಜೊತೆ ಒಂದೇ ವ್ಯಾನಿನಲ್ಲಿ ಕೆಲಸ ಮಾಡಿದವಳು ನಾನು. ಹೊಂದಿಕೊಂಡು ಹೋಗುವ ಮನುಷ್ಯನನ್ನು ಆ ವ್ಯಾನಿನಲ್ಲಿ ಒಂದು ದಿನವೂ ಕಂಡಿಲ್ಲ. ಅದಕ್ಕೇ ಈ ನಾಲ್ಕು ಮಾತು.

ಹೆಸರು ಬರೆಯುವುದಿಲ್ಲ. ಶಿರಸಿ ಸುತ್ತ ಬೈಕು, ಆಟೋ ಇಟ್ಟುಕೊಂಡವರಿಗೆ ಅವರು ಹೊಗೆ ಮಾಸ್ತರು ಎಂದರೆ ಸಾಕು. ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಇಪ್ಪತ್ತು ವರ್ಷ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದು, ಆಮೇಲೆ ಒಂದು ಹಳೇ ವ್ಯಾನು ಕೊಂಡು, ಅದರೊಳಗೆ ಹೊಗೆ ತಪಾಸಣೆಯ ಮಷೀನು ಕೂರಿಸಿ, ಊರೂರು ತಿರುಗುವ ಎಮಿಷನ್ ಟೆಸ್ಟ್ ಸೆಂಟರ್ ಮಾಡಿದ್ದರು. ಸೋಮವಾರ ಸಿದ್ದಾಪುರ, ಗುರುವಾರ ಯಲ್ಲಾಪುರ, ಶನಿವಾರ ಕಿರವತ್ತಿ, ಉಳಿದ ದಿನ ಶಿರಸಿ. ಸರ್ಟಿಫಿಕೇಟಿಗೆ ಬಂದವರಿಗೆಲ್ಲ ನಿಲ್ಲಿಸಿಕೊಂಡು ಪಾಠ ಹೇಳುವ ಚಾಳಿ ಇತ್ತು. ಅದರಿಂದ ಬಂದದ್ದು ಈ ಮಾಸ್ತರಿಕೆ.

ನಾನು ಸಿದ್ದಾಪುರದವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ, ಎಲ್ಲೂ ಕೆಲಸ ಸಿಗದೆ, ಪೇಪರಿನ ಮೂಲೆಯ ಜಾಹೀರಾತು ನೋಡಿ ಅವರಲ್ಲಿಗೆ ಹೋದವಳು. ನಮ್ಮ ಆಯಿ, "ಹೊಗೆ ಅಳೆಯಲೆ ಡಿಪ್ಲೊಮಾ ಎಂತಕ್ಕೆ?" ಎಂದು ಕೇಳಿದ್ದಳು. ನನಗೂ ಅದೇ ಪ್ರಶ್ನೆ ಇತ್ತು, ಅವಳಿಗೆ ಹೇಳಲಿಲ್ಲ ಅಷ್ಟೆ.

ಮೊದಲ ದಿನವೇ ಹೊಸ ಸಿಲಿಂಡರ್ ಬಂದಿತ್ತು. ಅದೇನೆಂದು ಹೇಳಿಬಿಡುತ್ತೇನೆ. ಪೆಟ್ರೋಲ್ ಗಾಡಿಯ ಸೈಲೆನ್ಸರಿನೊಳಗೆ ನಳಿಗೆ ತೂರಿಸಿದರೆ ಹೊಗೆಯಲ್ಲಿ ಯಾವ ಕೆಟ್ಟ ಗಾಳಿ ಎಷ್ಟಿದೆ ಎಂದು ಮಷೀನು ತೋರಿಸುತ್ತದೆ. ಮಷೀನು ಸರಿಯಾಗಿ ತೋರಿಸುತ್ತಿದೆಯೇ ಎಂದು ನೋಡುವುದಕ್ಕೆ ಇನ್ನೊಂದು ಗ್ಯಾಸ್ ಬೇಕು. ಯಾವುದು ಎಷ್ಟಿದೆ ಎಂದು ಮೊದಲೇ ಅಳೆದು, ತುಂಬಿ, ಅಂಕಿಗಳನ್ನು ಚೀಟಿಯಲ್ಲಿ ಬರೆದು ಮೈಗೆ ಅಂಟಿಸಿದ ಸಣ್ಣ ಸಿಲಿಂಡರು. ಅಂಗಡಿಯ ತಕ್ಕಡಿಗೆ ಸೀಲು ಹೊಡೆದ ಕಿಲೋ ಕಲ್ಲು ಇದ್ದ ಹಾಗೆ. ಆ ಗ್ಯಾಸನ್ನು ಮಷೀನಿಗೆ ಕೊಟ್ಟು, ಚೀಟಿಯ ಮೇಲಿನ ಅಂಕಿಯನ್ನು ಒತ್ತಿ, ಇದು ಇಷ್ಟು ಎಂದು ಅದಕ್ಕೆ ಹೇಳಿಕೊಡಬೇಕು. ಆಮೇಲೆ ಅದು ಲೋಕದ ಹೊಗೆಯನ್ನೆಲ್ಲ ಆ ಲೆಕ್ಕದಲ್ಲೇ ಅಳೆಯುತ್ತದೆ.

ಹುಬ್ಬಳ್ಳಿಯಿಂದ ಲಾರಿ ಪಾರ್ಸೆಲ್ಲಿನಲ್ಲಿ ಬಂದ ಸಿಲಿಂಡರನ್ನು ಮಷೀನಿನ ಪಕ್ಕ ನಿಲ್ಲಿಸಿ ಮಾಸ್ತರು ಚಾ ಕುಡಿಯಲು ಹೊರಟರು. ಹೊರಗೆ ಆರೇಳು ಗಾಡಿ ಕಾಯುತ್ತಿದ್ದವು. ಜೋಡಿಸುವುದಿಲ್ಲವಾ ಎಂದು ಕೇಳಿದೆ.

"ಬೀಗರು ಈಗಷ್ಟ ಬಂದಾರ. ಬಂದ ಕೂಡ್ಲೆ ಮಾತಿಗಿ ಎಳೀಬಾರ್ದು. ಸ್ವಲ್ಪ ಕುಂದರ್ಲಿ," ಎಂದರು.

ಲಾರಿಯ ಬಿಸಿ ಇಳಿದು ಸಿಲಿಂಡರೂ ಮಷೀನೂ ಒಂದೇ ಹದಕ್ಕೆ ಬರಬೇಕು ಎನ್ನುವುದನ್ನು ಹೇಳುವ ಕ್ರಮ ಅದು. ಬೀಗರು ಕೂತದ್ದು ಒಂದೂವರೆ ತಾಸು. ಆಮೇಲೆ ಚೀಟಿ ಓದುವ ಕೆಲಸ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪುಸ್ತಕದಲ್ಲಿ ಬರೆಯಬೇಕು, ಬರೆದವರು ತಿರುಗಿ ಓದಿ ಹೇಳಬೇಕು. ಸಿಲಿಂಡರಿನ ನಂಬರು, ಅವಧಿ ಮುಗಿಯುವ ತಾರೀಕು, ಒಂದೊಂದು ಗ್ಯಾಸಿನ ಅಂಕಿ. ಆಮೇಲೆ ವಾಲ್ವನ್ನು ಅರೆಕ್ಷಣ ತಿರುಗಿಸಿ ಬಾಯಲ್ಲಿ ಕೂತ ಧೂಳು ಹಾರಿಸುವುದು. ವಾಶರಿನ ಮೇಲೆ ಹೆಬ್ಬೆರಳು ಆಡಿಸಿ ನೋಡುವುದು. ಪೈಪು ಜೋಡಿಸಿ, ಸೋಪಿನ ನೀರು ಹಚ್ಚಿ, ಗುಳ್ಳೆ ಏಳುತ್ತದೆಯೋ ಎಂದು ಬಗ್ಗಿ ಕಾಯುವುದು. ಪೈಪಿನೊಳಗಿನ ಹಳೇ ಗಾಳಿಯೆಲ್ಲ ಹೋಗುವ ತನಕ ಗ್ಯಾಸ್ ಬಿಡುವುದು. ಮಷೀನಿಗೆ ಮೊದಲು ಶುದ್ಧ ಗಾಳಿ ಕುಡಿಸಿ ಸೊನ್ನೆಗೆ ತಂದು, ಆಮೇಲೆ ಈ ಗ್ಯಾಸ್ ಕೊಟ್ಟು, ಓಡುವ ಅಂಕಿ ಒಂದು ಕಡೆ ನಿಲ್ಲುವ ತನಕ ಕೈಕಟ್ಟಿ ನಿಲ್ಲುವುದು. ಅಷ್ಟರಲ್ಲಿ ಹೊರಗಿನ ಗಾಡಿಗಳಲ್ಲಿ ಅರ್ಧ ವಾಪಸ್ ಹೋಗಿರುತ್ತಿದ್ದವು. ಹೋದವರನ್ನು ಕರೆಯಲು ಇವರು ತಲೆಯನ್ನೂ ಹೊರಗೆ ಹಾಕುತ್ತಿರಲಿಲ್ಲ.

ಆ ಶುದ್ಧ ಗಾಳಿಯದೇ ಒಂದು ರಾಮಾಯಣ. ಕಿರವತ್ತಿಯಲ್ಲಿ ನಮ್ಮ ವ್ಯಾನು ನಿಲ್ಲುವುದು ಢಾಬಾ ಒಂದರ ಅಂಗಳದಲ್ಲಿ. ಒಂದು ಕಡೆ ತಂದೂರಿ ಒಲೆ, ಇನ್ನೊಂದು ಕಡೆ ಸ್ಟಾರ್ಟ್ ಮಾಡಿಟ್ಟ ಲಾರಿಗಳ ಸಾಲು. ಮಾಸ್ತರು ಗಾಳಿ ಎಳೆಯುವ ಪೈಪನ್ನು ಬಿದಿರು ಗಳಕ್ಕೆ ಕಟ್ಟಿ ಎತ್ತಿ ಹಿಡಿದು, ಗಾಳಿ ಯಾವ ಕಡೆಯಿಂದ ಬೀಸುತ್ತದೆಂದು ಒದ್ದೆ ಬೆರಳಲ್ಲಿ ನೋಡಿ, ಅಂಗಳ ತುಂಬ ಓಡಾಡುತ್ತಿದ್ದರು. ಜೇನುಗೂಡು ಕೀಳಲು ಹೊರಟವರ ಹಾಗೆ ಕಾಣುತ್ತಿತ್ತು. ಲಾರಿ ಡ್ರೈವರುಗಳು ನಗುತ್ತಿದ್ದರು. ಮೊದಮೊದಲು ನಾನೂ ಬಾಯಿಗೆ ದುಪಟ್ಟಾ ಇಟ್ಟುಕೊಂಡು ನಗುತ್ತಿದ್ದೆ.

ಜಗಳಗಂಟ ಮನುಷ್ಯ ಎಂದುಕೊಳ್ಳಬೇಡಿ. ಗಂಟಲು ಏರಿಸಿದ್ದನ್ನು ನಾನು ಕಂಡದ್ದು ಕಡಿಮೆ. ಒಮ್ಮೆ ಸಿದ್ದಾಪುರದಲ್ಲಿ ಬಿಳಿ ಶರ್ಟಿನ ಒಬ್ಬರು ಬಂದರು, ಊರಿನಲ್ಲಿ ನಾಲ್ಕು ಜನ ಎದ್ದು ನಿಲ್ಲುವಂಥವರು. ಗಾಡಿ ತಂದಿರಲಿಲ್ಲ, ಮೊಬೈಲಿನಲ್ಲಿ ಅದರ ಫೋಟೊ ಇತ್ತು. ಇದರ ಮೇಲೆ ಒಂದು ಸರ್ಟಿಫಿಕೇಟ್ ಮಾಡಿಕೊಡಿ, ಎಲ್ಲ ಕಡೆ ಮಾಡ್ತಾರೆ ಎಂದರು. ಮಾಸ್ತರು ಫೋಟೊವನ್ನು ಬಹಳ ಆಸಕ್ತಿಯಿಂದ ನೋಡಿದರು. ಗಾಡಿ ಚೆಂದ ಬಂದಿದೆ, ಬೆಳಕೂ ಚೆನ್ನಾಗಿ ಬಿದ್ದಿದೆ, ಆದರೆ ಫೋಟೊ ಹೊಗೆ ಬಿಡುತ್ತಿಲ್ಲವಲ್ಲ ಎಂದು ಮೊಬೈಲು ತಿರುಗಿಸಿ ಕೊಟ್ಟು ಮುಂದಿನವರನ್ನು ಕರೆದರು. ಆ ಮಹಾಶಯರು ಮತ್ತೆ ನಮ್ಮ ಕಡೆ ಬರಲಿಲ್ಲ. ಇವರಿಗೆ ಅದರ ಪರಿವೆಯೂ ಇರಲಿಲ್ಲ. ಮಧ್ಯಾಹ್ನ ಎಂದಿನಂತೆ ಗಿರಮಿಟ್ಟು ತಿಂದು, ಮಂಡಕ್ಕಿ ಕಟ್ಟಿಕೊಟ್ಟ ಕಾಗದವನ್ನು ನಾಲ್ಕು ಮಡಿಕೆ ಮಡಚಿ ಜೇಬಿಗೆ ಹಾಕಿಕೊಂಡರು. ರಸ್ತೆಗೆ ಕಸ ಎಸೆದದ್ದನ್ನು ನಾನು ನೋಡಿಲ್ಲ.

ಮಷೀನಿನ ಬಗ್ಗೆ ಅವರದೊಂದು ಮಾತಿತ್ತು. "ಅದಕ್ಕ ಏನೂ ಗೊತ್ತಿಲ್ಲ ತಂಗಿ. ನೀ ಹೇಳಿದ್ದನ್ನ ನಂಬತೈತಿ." ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ಆದರೂ ಒಳಗೆ ಇಳಿದಿರಲಿಲ್ಲ.

ಕೆಲಸಕ್ಕೆ ಸೇರಿದ ಮೂರನೇ ವರ್ಷ, ಒಂದು ಶನಿವಾರ ಅವರಿಗೆ ಜ್ವರ. ನಾನೊಬ್ಬಳೇ ವ್ಯಾನು ಓಡಿಸಿಕೊಂಡು ಕಿರವತ್ತಿಗೆ ಹೋದೆ. ಹಳೇ ಸಿಲಿಂಡರು ಮುಗಿದಿತ್ತು, ಹಿಂದಿನ ದಿನ ಬಂದ ಹೊಸದನ್ನು ಜೋಡಿಸಬೇಕಿತ್ತು. ಎಲ್ಲವನ್ನೂ ಕ್ರಮವಾಗಿಯೇ ಮಾಡಿದೆ. ಬೀಗರನ್ನು ಕೂರಿಸಿದೆ, ಧೂಳು ಹಾರಿಸಿದೆ, ಸೋಪಿನ ನೀರು ಹಚ್ಚಿದೆ, ಗಳ ಎತ್ತಿಕೊಂಡು ಓಡಾಡಿದೆ. ಚೀಟಿಯನ್ನು ಮಾತ್ರ ಗಟ್ಟಿಯಾಗಿ ಓದಲಿಲ್ಲ. ಬರೆದುಕೊಳ್ಳುವವರು ಯಾರೂ ಇರಲಿಲ್ಲವಲ್ಲ, ಒಬ್ಬಳೇ ಓದಿಕೊಂಡರೆ ಹುಚ್ಚಿ ಎಂದಾರು ಎಂದು ನಾಚಿಕೆ. ಅಂಕಿ ಕೇಳಿತು ಮಷೀನು. ಹಳೇ ಸಿಲಿಂಡರಿನ ಅಂಕಿ ವರ್ಷದಿಂದ ಒತ್ತಿ ಒತ್ತಿ ಬಾಯಿಪಾಠ ಆಗಿತ್ತು, ಬೆರಳು ತಾನಾಗಿ ಅದನ್ನೇ ಒತ್ತಿತು.

ಸಿಲಿಂಡರಿನಿಂದ ಸಿಲಿಂಡರಿಗೆ ಅಂಕಿ ಬೇರೆ ಇರುತ್ತದೆ. ಹೊಸದರಲ್ಲಿ ಗ್ಯಾಸು ಜಾಸ್ತಿ ಇತ್ತು. ನಾನು ಕಡಿಮೆ ಎಂದು ಹೇಳಿಕೊಟ್ಟೆ. ಮಷೀನು ನಂಬಿತು. ಅಲ್ಲಿಂದ ಮುಂದೆ ಎಲ್ಲ ಗಾಡಿಯ ಹೊಗೆಯನ್ನೂ ಇದ್ದದ್ದಕ್ಕಿಂತ ಕಡಿಮೆ ತೋರಿಸುತ್ತಾ ಹೋಯಿತು. ಆ ದಿನ ಇಪ್ಪತ್ತಮೂರು ಗಾಡಿ ಬಂದವು, ಇಪ್ಪತ್ತಮೂರೂ ಪಾಸು. ಕಿರವತ್ತಿಯವರು ಗಾಡಿ ಚೆನ್ನಾಗಿ ಇಟ್ಟುಕೊಂಡಿದ್ದಾರೆ ಎಂದು ಖುಷಿಯಾಗಿ ಮನೆಗೆ ಬಂದೆ ನಾನು.

ಸೋಮವಾರ ಸಿದ್ದಾಪುರದಲ್ಲಿ ಮಾಸ್ತರು ಪುಸ್ತಕ ತೆಗೆದು, ಹೊಸ ಸಿಲಿಂಡರಿನ ಚೀಟಿ ಓದು ಎಂದರು. ಓದಿದೆ. ಎರಡನೇ ಅಂಕಿಗೆ ಬರುವಾಗಲೇ, ಶನಿವಾರ ನಾನು ಒತ್ತಿದ್ದು ಇದಲ್ಲ ಎಂದು ಹೊಳೆಯಿತು. ಅವರು ಮಷೀನಿನಲ್ಲಿ ನಾನು ಒತ್ತಿದ್ದನ್ನು ನೋಡಿದರು, ಚೀಟಿ ನೋಡಿದರು, ವ್ಯಾನಿನ ಬಾಗಿಲು ಎಳೆದು ಹಾಕಿದರು.

"ಬಾಯಿಪಾಠ ಒತ್ತಿದಿ?"

ಹೂಂ ಎಂದೆ. ಆಮೇಲೆ ನಾನು ಆಡಿದ ಮಾತು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ವ್ಯತ್ಯಾಸ ಸಣ್ಣದು, ಯಾರಿಗೂ ಗೊತ್ತಾಗುವುದಿಲ್ಲ, ಇನ್ನು ಕೆಲವು ತಿಂಗಳಿಗೆ ಎಲ್ಲರೂ ಮತ್ತೆ ಟೆಸ್ಟಿಗೆ ಬಂದೇ ಬರುತ್ತಾರೆ, ಈಗ ಹೇಳಿದರೆ ಮಷೀನು ನಡೆಸುವ ಅನುಮತಿಯಿಂದ ನನ್ನ ಹೆಸರು ತೆಗೆದುಹಾಕುತ್ತಾರೆ ಎಂದು ಗೋಗರೆದೆ. ಆ ಹೆಸರು ಹೋದರೆ ನನಗೆ ಬೇರೆ ಕೆಲಸ ಇರಲಿಲ್ಲ. ಬೇರೆ ಕೆಲಸ ಬೇಕಾಗಿಯೂ ಇರಲಿಲ್ಲ ಎನ್ನಿ. ಗೇಲಿ ಮಾಡಿಕೊಂಡು ಸೇರಿದ ಕೆಲಸ ಅಷ್ಟು ಹೊತ್ತಿಗೆ ನನ್ನದಾಗಿಬಿಟ್ಟಿತ್ತು.

"ಮಂದಿಗಿ ಗೊತ್ತಾಗೂದಿಲ್ಲ ತಂಗಿ, ಖರೆ," ಎಂದರು. "ನಮಗ ಗೊತ್ತಾತಲ್ಲ. ಇಪ್ಪತ್ತಮೂರೂ ಕರಿ."

ಅಲ್ಲೇ ಕೂತು, ಸೆಂಟರಿಗೆ ಅನುಮತಿ ಕೊಟ್ಟ ಸಾರಿಗೆ ಕಚೇರಿಗೆ ಪತ್ರ ಬರೆದರು. ಸೆಂಟರಿನಲ್ಲಿ ಇಂಥ ದಿನ ಇಂಥ ತಪ್ಪಾಗಿದೆ, ಗಾಡಿಗಳನ್ನು ಮತ್ತೆ ಕರೆದು ನೋಡುತ್ತೇವೆ ಎಂದು. ಕೆಳಗೆ ತಾವು ಸಹಿ ಹಾಕಿ, ಅದರ ಕೆಳಗೆ ನನ್ನ ಸಹಿಯನ್ನೂ ಹಾಕಿಸಿದರು. ನನಗೆ ಎಂಥಾ ಸಿಟ್ಟು ಬಂತೆಂದರೆ, ಪೆನ್ನಿನ ಮೊನೆಗೆ ಕಾಗದ ಹರಿಯಿತು. ಅವರು ಹರಿದ ಜಾಗವನ್ನು ಉಗುರಲ್ಲಿ ಸವರಿ ಮಡಚಿಟ್ಟರು.

ಫೋನು ಮಾಡುವ ಕೆಲಸ ನನ್ನದೇ. ತಪ್ಪು ನಮ್ಮದು, ಒಮ್ಮೆ ಗಾಡಿ ತನ್ನಿ ಎಂದು ಒಂದೊಂದು ನಂಬರಿಗೂ ಹೇಳಬೇಕು. ಬೈಗುಳ ತಿಂದೆ, ಹೊಟ್ಟೆ ತುಂಬ. ಪಾಸು ಮಾಡಿದ್ದನ್ನು ಕರೆದು ಫೇಲು ಮಾಡುವುದು ಯಾವ ಸೀಮೆಯ ನ್ಯಾಯ ಎಂದು ಒಬ್ಬ ಕೇಳಿದ. ಇನ್ನೊಬ್ಬ ಇದು ಮೋಸದ ಫೋನು ಎಂದು ಪೊಲೀಸರಿಗೆ ಕೊಡುತ್ತೇನೆಂದ. ಯಲ್ಲಾಪುರದಲ್ಲಿ ಹೂ ಮಾರುವ ಅಕ್ಕ ಒಬ್ಬಳು ಮಾತ್ರ, ಅಯ್ಯೋ ಕೊಟ್ಟದ್ದನ್ನು ಸರಿ ಉಂಟಾ ಅಂತ ವಾಪಸ್ ಕೇಳಿದವರನ್ನ ಇದೇ ಮೊದಲು ಕಂಡದ್ದು ಎಂದು ಸ್ಕೂಟಿಯನ್ನು ತಾನೇ ತಂದಳು, ಬರುವಾಗ ಒಂದು ಮೊಳ ಅಬ್ಬಲಿಗೆಯನ್ನೂ ತಂದಳು.

ಬಾರದವರ ಬಳಿಗೆ ನಾವೇ ಹೋದೆವು. ಹನ್ನೆರಡು ದಿನ. ಬೆಳಿಗ್ಗೆ ವ್ಯಾನು ಹೊರಡುವ ಮೊದಲು ಸಿಲಿಂಡರು, ಚೀಟಿ, ಪುಸ್ತಕ, ಆಮೇಲೆ ರಸ್ತೆ. ಗದ್ದೆಯ ಬದುವಿನ ಮೇಲೆ ನಿಲ್ಲಿಸಿದ ಬೈಕಿನ ಹತ್ತಿರ ಮಷೀನು ಹೊತ್ತುಕೊಂಡು ಹೋದದ್ದೂ ಉಂಟು. ಒಂದು ಬೈಕು ಗ್ಯಾರೇಜಿನಲ್ಲಿ ಬಿಚ್ಚಿ ಹರಡಿಕೊಂಡಿತ್ತು. ನಾನು ಅಬ್ಬಾ, ಇದನ್ನು ಬಿಟ್ಟುಬಿಡಬಹುದು ಎಂದುಕೊಂಡೆ. ಮಾಸ್ತರು ಶರ್ಟಿನ ತೋಳು ಮಡಚಿ ಅಲ್ಲೇ ಕೂತು ಇಡೀ ಬೈಕನ್ನು ಜೋಡಿಸಿ, ಸ್ಟಾರ್ಟ್ ಮಾಡಿ, ನಳಿಗೆ ಇಡು ಎಂದರು. ಜ್ವರ ಬಿಟ್ಟು ಇನ್ನೂ ವಾರ ಆಗಿರಲಿಲ್ಲ. ನೀವು ಮನೆಯಲ್ಲಿರಿ, ನಾನು ಮಾಡುತ್ತೇನೆ ಎಂದರೆ ಕೇಳುವ ಜನವೇ ಅಲ್ಲ. ಕೊನೆಯ ಗಾಡಿ ಮುಂಡಗೋಡ ರಸ್ತೆಯ ಒಂದು ಸಾಮಿಲ್ಲಿನ ಹಿಂದೆ ಸಿಕ್ಕಿತು. ಇಪ್ಪತ್ತಮೂರರಲ್ಲಿ ನಾಲ್ಕು ಫೇಲಾದವು. ಆ ನಾಲ್ಕನ್ನೂ ಅವರೇ ಕೂತು ಟ್ಯೂನ್ ಮಾಡಿಕೊಟ್ಟರು.

ಹದಿಮೂರನೇ ದಿನ ಕಚೇರಿಗೆ ಬರಲು ಕರೆ ಬಂತು. ಇನ್‌ಸ್ಪೆಕ್ಟರು ಒಳ್ಳೆಯವರೇ. ಪತ್ರ ಓದಿ, ಅಂಕಿ ಒತ್ತಿದವರು ಯಾರು ಎಂದು ಕೇಳಿದರು. ಮಾಸ್ತರು ನನ್ನನ್ನು ಕಾಪಾಡಲು ತಾವೇ ಎಂದು ಹೇಳುತ್ತಾರೆ ಎಂದು ನಾನು ಒಳಗೊಳಗೇ ನಂಬಿಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ. ಅವರು ಹೆಬ್ಬೆರಳನ್ನು ನನ್ನ ಕಡೆ ತಿರುಗಿಸಿ, ಇವಳು ಎಂದರು. ನೆಲ ಬಾಯಿಬಿಟ್ಟಿದ್ದರೆ ಇಳಿದುಬಿಡುತ್ತಿದ್ದೆ.

ಸರಿ, ಆಪರೇಟರನ್ನು ಬದಲಾಯಿಸಿ, ಹೊಸಬರ ಹೆಸರು ಕೊಡಿ, ವಿಷಯ ಮುಗಿಯುತ್ತದೆ ಎಂದರು ಇನ್‌ಸ್ಪೆಕ್ಟರು. ಮಾಸ್ತರು ಕುರ್ಚಿಯಿಂದ ಏಳಲಿಲ್ಲ.

"ಹೊಸಬರು ಬಂದ್ರ ಅವರೂ ಒಂದಿನ ಇದ ತಪ್ಪು ಮಾಡ್ತಾರ್ರೀ ಸಾಹೇಬ್ರ. ಇಕಿ ಇನ್ನ ಮ್ಯಾಲ ಮಾಡೂದಿಲ್ಲ. ಸೆಂಟರ್ ಬಂದ್ ಮಾಡ್ರಿ ಬೇಕಾದ್ರ, ಇಕಿ ಹೆಸರು ತಗಿಯೂದಿಲ್ಲ ನಾನು."

ಹದಿನೈದು ದಿನ ಸೆಂಟರು ಬಂದ್ ಆಯಿತು. ನನ್ನ ಹೆಸರು ಉಳಿಯಿತು. ಇನ್ನೊಂದು ತಪ್ಪಾದರೆ ಎರಡೂ ಇರುವುದಿಲ್ಲ ಎಂದು ಬರೆದುಕೊಟ್ಟರು. ಹೊರಗೆ ಬಂದು ನಾನು ಅತ್ತುಬಿಟ್ಟೆ, ಅವರು ಮೆಟ್ಟಿಲ ಮೇಲೆ ನಿಂತು ಎರಡು ಚಾ ಹೇಳಿದರು.

ಹೆಸರು ಕಾಗದದಲ್ಲಿ ಉಳಿದರೆ ಆಯಿತೇ? ಕಿರವತ್ತಿಯಲ್ಲಿ ಸುದ್ದಿ ಹಬ್ಬಿತ್ತು. ಮಾಸ್ತರು ಕೂತರೆ ಬರುತ್ತೇವೆ, ಆ ಅಕ್ಕ ಕೂತರೆ ಬರುವುದಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದಾರೆಂದು ಢಾಬಾದವರು ಫೋನಿನಲ್ಲಿ ಹೇಳಿದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮತ್ತೆ ಶುರುವಾಗುವ ಮೊದಲ ಶನಿವಾರ, ನೀವೇ ಮಷೀನಿಗೆ ಕೂತುಬಿಡಿ ಎಂದು ಮಾಸ್ತರನ್ನು ಕೇಳಿಕೊಂಡೆ. ವ್ಯಾನು ತಗೊಂಡು ನೀನು ಮುಂದೆ ಹೋಗು, ನಾನು ಹಿಂದಿನಿಂದ ಬರುತ್ತೇನೆ ಎಂದರು.

ಹೋದೆ. ಅಂಗಳದಾಚೆ ಮರದ ಕೆಳಗೆ ಎಂಟೊಂಬತ್ತು ಬೈಕು, ಎರಡು ಆಟೋ. ಅವುಗಳ ಯಜಮಾನರು ಚಾ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದರು, ಒಬ್ಬನೂ ಏಳಲಿಲ್ಲ. ನೋಡಿದರೆ ನೋಡಲಿ ಎಂದು ಸಿಲಿಂಡರು ಇಳಿಸಿ ಕೂರಿಸಿದೆ. ಗಳ ಎತ್ತಿ ಗಾಳಿ ಹುಡುಕಿದೆ. ಸೋಪಿನ ನೀರು ಹಚ್ಚಿ ಬಗ್ಗಿ ನಿಂತೆ. ಚೀಟಿಯನ್ನು, ರಸ್ತೆಯ ಆಚೆಗೂ ಕೇಳುವ ಹಾಗೆ, ಒಂದೊಂದು ಅಂಕಿಯಾಗಿ ಓದಿ, ಬರೆದು, ತಿರುಗಿ ಓದಿದೆ. ಒಬ್ಬಿಬ್ಬರು ನಕ್ಕರು. ಮಷೀನಿನ ಅಂಕಿ ಓಡಿ ಓಡಿ ಚೀಟಿಯ ಅಂಕಿಯ ಮೇಲೆ ಬಂದು ನಿಂತಿತು. ಕುರ್ಚಿಯಲ್ಲಿ ಕೂತೆ. ಯಾರೂ ಬರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ಯಲ್ಲಾಪುರದ ಕಡೆಯಿಂದ ಒಂದು ಹಳೇ ಸ್ಕೂಟರು ನೀಲಿ ಹೊಗೆ ಬಿಟ್ಟುಕೊಂಡು ಬಂತು. ಮಾಸ್ತರು. ಸೀದಾ ನನ್ನ ಮುಂದೆ ತಂದು ಸ್ಟ್ಯಾಂಡ್ ಹಾಕಿ, ಇಂಜಿನ್ನು ಬಂದ್ ಮಾಡದೆ ಕೆಳಗಿಳಿದರು. ಬೇರೆಯವರ ಹಾಗೇ ಬದಿಗೆ ಸರಿದು ನಿಂತು, "ಟೆಸ್ಟ್ ಮಾಡವಾ," ಎಂದರು. ಮರದ ಕೆಳಗಿನವರು ಗ್ಲಾಸು ಕೆಳಗಿಟ್ಟರು.

ನಳಿಗೆ ತೂರಿಸಿದೆ. ಅಂಕಿ ಏರಿತು, ಮಿತಿಯ ಹತ್ತಿರ ಬಂತು, ಮಿತಿ ದಾಟಿ ಒಂದು ಕೂದಲೆಳೆ ಮೇಲೆ ನಿಂತಿತು. ನಾನು ಅವರ ಮುಖ ನೋಡಿದೆ. ಅವರು ಹುಬ್ಬಳ್ಳಿ ರಸ್ತೆ ನೋಡುತ್ತಿದ್ದರು. ನಳಿಗೆಯನ್ನು ನಾಲ್ಕು ಬೆರಳು ಹೊರಗೆಳೆದರೆ ಸಾಕು, ಹೊರಗಿನ ಗಾಳಿ ಬೆರೆತು ಅಂಕಿ ಇಳಿಯುತ್ತದೆ. ದೂರದಲ್ಲಿ ಕೂತವರಿಗೆ ಕಾಣುವಂಥದ್ದಲ್ಲ. ಕೈ ಅದರ ಮೇಲೇ ಇತ್ತು. ನನ್ನ ಹೆಸರು ಉಳಿಸಿದ ಮನುಷ್ಯನ ಗಾಡಿ, ಅಷ್ಟೂ ಜನರ ಎದುರು.

ನಳಿಗೆಯನ್ನು ಇನ್ನೊಂದು ಬೆರಳಿನಷ್ಟು ಒಳಗೆ ತಳ್ಳಿದೆ. ಅಂಕಿ ಅಲ್ಲಾಡಲಿಲ್ಲ. ಬಟನ್ ಒತ್ತಿದೆ, ಚೀಟಿ ಹೊರಗೆ ಬಂತು. ಗಟ್ಟಿಯಾಗಿಯೇ ಹೇಳಿದೆ, ಮಾಸ್ತರ್ರೆ, ನಿಮ್ಮ ಗಾಡಿ ಫೇಲು ಎಂದು. ಮರದ ಕೆಳಗೆ ಹೋ ಎಂದು ನಗು ಎದ್ದಿತು.

ಅವರು ಕನ್ನಡಕ ಹಾಕಿಕೊಂಡು ಚೀಟಿಯನ್ನು ಮೇಲಿನಿಂದ ಕೆಳಗಿನ ತನಕ ಓದಿದರು. ಮಡಚಿ ಜೇಬಿಗೆ ಹಾಕಿಕೊಂಡರು. ಸ್ಕೂಟರನ್ನು ತಳ್ಳಿ ಬದಿಗೆ ನಿಲ್ಲಿಸಿ, ಮರದ ಕಡೆ ತಿರುಗಿದರು.

"ಸಾಲಿನಾಗ ನಿಂದರ್ರಿ," ಎಂದರು. "ಮಷೀನ್ ಸರಿ ಐತಿ. ನಡಸಾಕಿನೂ ಸರಿ ಅದಾಳ."